ವಿದೇಶಿ ಗುತ್ತಿಗೆಗೆ ಸ್ವಂತ ಕಂಪನಿ: ನೋಂದಣಿಗೆ ಮೊದಲು ತೆರಿಗೆಯ ಲೆಕ್ಕ ನೋಡಿ

ಮಾನ್ಯ ಸಂಪಾದಕರಿಗೆ,

ವಿದೇಶಿ ಗ್ರಾಹಕರಿಗೆ ಗುತ್ತಿಗೆಯ ಮೇಲೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವವರು ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲೂ ಇದ್ದಾರೆ. ಅಂಥವರ ತೆರಿಗೆ ಕಡತಗಳನ್ನು ನೋಡುವ ವೃತ್ತಿಯಲ್ಲಿರುವ ನನಗೆ ಪದೇ ಪದೇ ಎದುರಾಗುವ ಒಂದು ಸಂಗತಿಯನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ. ‘ಗ್ರಾಹಕರು ಕಂಪನಿಯ ಹೆಸರಿನಲ್ಲೇ ಬಿಲ್ ಕೇಳುತ್ತಾರೆ’ ಎಂಬ ಒಂದೇ ಮಾತಿನ ಮೇಲೆ ಏಕವ್ಯಕ್ತಿ ಕಂಪನಿಯನ್ನೋ ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನೋ ನೋಂದಾಯಿಸಿಬಿಡುತ್ತಾರೆ. ತೆರಿಗೆಯ ಲೆಕ್ಕ ಹಾಕುವುದು ವರ್ಷ ಕಳೆದ ಮೇಲೆ.

ವರ್ಷಕ್ಕೆ 60 ಲಕ್ಷ ರೂಪಾಯಿ ಬ್ಯಾಂಕ್ ಮೂಲಕವೇ ಪಡೆಯುವ ಒಬ್ಬ ತಂತ್ರಜ್ಞರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅವರು ವೈಯಕ್ತಿಕವಾಗಿ ವೃತ್ತಿ ನಡೆಸಿದರೆ, 44ಎಡಿಎ ಎಂದೇ ಎಲ್ಲರ ಬಾಯಲ್ಲಿರುವ ಅಂದಾಜು ಆದಾಯದ ಸೌಲಭ್ಯದಡಿ ಅರ್ಧವನ್ನು, ಅಂದರೆ 30 ಲಕ್ಷವನ್ನು, ಆದಾಯವೆಂದು ಘೋಷಿಸಬಹುದು; ನಗದು ಸ್ವೀಕೃತಿ ಶೇ 5ರೊಳಗಿದ್ದರೆ 75 ಲಕ್ಷದವರೆಗೆ ಈ ಸೌಲಭ್ಯವಿದೆ. 2025-26ರ ಹೊಸ ಪದ್ಧತಿಯ ದರದಲ್ಲಿ ತೆರಿಗೆ ಸುಮಾರು 5 ಲಕ್ಷ. (ನಿಜವಾದ ಲಾಭ ಅರ್ಧಕ್ಕಿಂತ ಬಹಳ ಹೆಚ್ಚಿದ್ದಾಗಲೂ ಅರ್ಧವನ್ನಷ್ಟೇ ತೋರಿಸಬಹುದೇ ಎಂಬ ಬಗ್ಗೆ ನಮ್ಮ ವೃತ್ತಿಯವರಲ್ಲೇ ಭಿನ್ನಮತವಿದೆ.) 2026ರ ಏಪ್ರಿಲ್‌ 1ರಿಂದ ಜಾರಿಗೆ ಬಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆಯೇ ಹೊರತು ಸೌಲಭ್ಯ ಹೋಗಿಲ್ಲ. ಆದರೆ ಅದು ಕಂಪನಿಗೂ ಇಲ್ಲ, ಸೀಮಿತ ಹೊಣೆಯ ಪಾಲುದಾರಿಕೆಯಾದ ಎಲ್‌ಎಲ್‌ಪಿಗೂ ಇಲ್ಲ. ಅದೇ 60 ಲಕ್ಷ ಕಂಪನಿಗೆ ಬಂದು, 10 ಲಕ್ಷ ಖರ್ಚು ಕಳೆದು, ಉಳಿದ 50 ಲಕ್ಷವನ್ನೂ ನಿರ್ದೇಶಕರು ಸಂಬಳವಾಗಿ ಪಡೆದರೆ ಅವರ ತೆರಿಗೆ 11 ಲಕ್ಷದ ಆಸುಪಾಸು. ಸಂಬಳವಾಗಿ ತೆಗೆಯದೆ ಕಂಪನಿಯಲ್ಲೇ ಲಾಭವಾಗಿ ಬಿಟ್ಟರೆ, ರಿಯಾಯಿತಿ ದರದಲ್ಲೂ ಸರ್ಚಾರ್ಜ್, ಸೆಸ್ ಸೇರಿ ಶೇ 25.168 ಕಟ್ಟಬೇಕು, ಮುಂದೆ ಲಾಭಾಂಶವಾಗಿ ಹೊರತೆಗೆಯುವಾಗ ಪಡೆದವರ ಕೈಯಲ್ಲಿ ಮತ್ತೆ ತೆರಿಗೆ. ಇದರ ಮೇಲೆ ವ್ಯವಹಾರ ಎಷ್ಟೇ ಚಿಕ್ಕದಿರಲಿ ಕಡ್ಡಾಯ ಲೆಕ್ಕಪರಿಶೋಧನೆ, ಕಂಪನಿ ರಿಜಿಸ್ಟ್ರಾರರಿಗೆ ವಾರ್ಷಿಕ ವಿವರ, ಸಂಬಳ ಮುಂತಾದವುಗಳಿಂದ ಮೊದಲೇ ತೆರಿಗೆ ಮುರಿದುಕೊಳ್ಳುವ ಟಿಡಿಎಸ್‌ಗೆ ಟ್ಯಾನ್ ಎಂಬ ಸಂಖ್ಯೆ, ರಾಜ್ಯದ ವೃತ್ತಿ ತೆರಿಗೆಗೆ ಎರಡು ಬಗೆಯ ನೋಂದಣಿ. ಕಂಪನಿಯಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನಷ್ಟ ಭರಿಸುವ ಕಠಿಣ ಷರತ್ತುಗಳಿರುವ ಒಪ್ಪಂದಗಳಲ್ಲಿ ಸ್ವಂತ ಮನೆ, ಉಳಿತಾಯಗಳಿಗೆ ಅದು ರಕ್ಷಣೆ. ನಾಲ್ಕಾರು ಜನರನ್ನು ಸೇರಿಸಿಕೊಂಡು ಬೆಳೆಯುವವರಿಗೆ ಅದೇ ದಾರಿ. ಒಬ್ಬರೇ ದುಡಿಯುವವರಿಗೆ ಮಾತ್ರ ಆ ರಕ್ಷಣೆಯ ಬೆಲೆ ಮೊದಲೇ ಗೊತ್ತಿರಬೇಕು.

ಜಿಎಸ್‌ಟಿ ವಿಷಯದಲ್ಲಿ ‘ರಫ್ತಿಗೆ ತೆರಿಗೆ ಇಲ್ಲ’ ಎಂಬ ಮಾತು ಅರ್ಧ ಸತ್ಯ. ಸೇವಾ ರಫ್ತು ಶೂನ್ಯ ದರದ್ದು ನಿಜ. ಆದರೆ 20 ಲಕ್ಷದ ನೋಂದಣಿ ಮಿತಿಯನ್ನು ಎಣಿಸುವಾಗ ರಫ್ತಿನ ಮೊತ್ತವೂ ಸೇರುತ್ತದೆ. ತೆರಿಗೆ ಕಟ್ಟದೆ ಬಿಲ್ ಕಳುಹಿಸಲು ಪ್ರತಿ ಆರ್ಥಿಕ ವರ್ಷವೂ ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಹೊಸದಾಗಿ ಸಲ್ಲಿಸಬೇಕು, ಹಣ ವಿದೇಶಿ ವಿನಿಮಯದಲ್ಲಿ ಬಂದದ್ದಕ್ಕೆ ಬ್ಯಾಂಕಿನ ದಾಖಲೆ ಇಟ್ಟುಕೊಂಡಿರಬೇಕು. ವಿದೇಶಿ ಕ್ಲೌಡ್ ಸೇವೆಗೋ ತಂತ್ರಾಂಶ ಚಂದಾಕ್ಕೋ ಕಂಪನಿ ಕೊಡುವ ಹಣದ ಮೇಲೆ ರಿವರ್ಸ್ ಚಾರ್ಜ್‌ನಲ್ಲಿ ತಾನೇ ತೆರಿಗೆ ಕಟ್ಟಿ, ಆಮೇಲೆ ಮರಳಿ ಪಡೆಯಬೇಕು. ಇದನ್ನು ಬಹುತೇಕರು ಮರೆಯುತ್ತಾರೆ. ಬೆಂಗಳೂರಿನವರಿಗೆ ವಿಶೇಷವಾದ ಇನ್ನೊಂದು ತೊಡಕಿದೆ. ಕೆಲಸ ಕೊಟ್ಟದ್ದು ಅಮೆರಿಕದ ಕಂಪನಿಯೆಂದೇ ಇವರು ನಂಬಿರುತ್ತಾರೆ, ಆದರೆ ಒಪ್ಪಂದಕ್ಕೆ ಸಹಿ ಹಾಕಿದ್ದು ಹೊರವರ್ತುಲ ರಸ್ತೆಯಲ್ಲಿರುವ ಅದರ ಭಾರತೀಯ ಅಂಗಸಂಸ್ಥೆ. ಆಗ ಅದು ರಫ್ತೇ ಅಲ್ಲ; ಬಿಲ್ಲಿನ ಮೇಲೆ ಶೇ 18 ಸೇರಿಸಲೇಬೇಕು.

ಊರಲ್ಲೇ ಕುಳಿತು ಅಮೆರಿಕದ ಗ್ರಾಹಕರಿಗೆ ದುಡಿಯುವವರಿಗೆ ಅಲ್ಲಿ ಸಾಮಾನ್ಯವಾಗಿ ಆದಾಯ ತೆರಿಗೆ ಬರುವುದಿಲ್ಲ, ಏಕೆಂದರೆ ಸೇವೆ ಎಲ್ಲಿ ನಡೆಯಿತು ಎಂಬುದೇ ಆ ದೇಶದ ಮಾನದಂಡ. ಆದರೂ ಗ್ರಾಹಕರು ಕೇಳುವ, ತಾವು ಅಮೆರಿಕದವರಲ್ಲವೆಂದು ದೃಢೀಕರಿಸುವ ಡಬ್ಲ್ಯು-8 ನಮೂನೆಯನ್ನು ಕಂಪನಿಯಾದರೆ ಬೇರೆ, ವ್ಯಕ್ತಿಯಾದರೆ ಬೇರೆ ಎಂದು ನೋಡಿ ಸರಿಯಾಗಿ ತುಂಬಿಕೊಡಬೇಕು. ಇಲ್ಲದಿದ್ದರೆ ಅವರು ಶೇ 30 ಮುರಿದುಕೊಳ್ಳುವ ಸಾಧ್ಯತೆಯಿದೆ. ಅಲ್ಲಿಗೇ ಹೋಗಿ ಕೆಲಸ ಮಾಡಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ‘183 ದಿನ ಮೀರದಿದ್ದರೆ ಚಿಂತೆಯಿಲ್ಲ’ ಎಂಬುದು ಎಲ್ಲೆಡೆ ಕೇಳುವ ಮಾತು, ಆದರೆ ಅದು ಸಂಬಳದಾರರಿಗೆ, ಅದೂ ಕೆಲವು ಷರತ್ತುಗಳೊಂದಿಗೆ ಅನ್ವಯಿಸುವ ಮಿತಿ. ಭಾರತ-ಅಮೆರಿಕ ತೆರಿಗೆ ಒಪ್ಪಂದದಂತೆ ಕಂಪನಿಯೊಂದು ತನ್ನ ಸಿಬ್ಬಂದಿಯ ಮೂಲಕ 12 ತಿಂಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಅಲ್ಲಿ ಸೇವೆ ಒದಗಿಸಿದರೆ, ಆ ಕಂಪನಿಗೆ ಅಲ್ಲಿ ಕಾಯಂ ನೆಲೆ ಇದೆಯೆಂದು ಪರಿಗಣಿಸಿ ಅದರ ಲಾಭಕ್ಕೆ ಅಲ್ಲಿಯೇ ತೆರಿಗೆ ಹಾಕಬಹುದು. ಬ್ರಿಟನ್ ಜೊತೆಗಿನ ಒಪ್ಪಂದದಲ್ಲೂ ಇಂಥದೇ 90 ದಿನಗಳ ಮಿತಿಯಿದೆ. ಮಾಲೀಕರೇ ಏಕೈಕ ಸಿಬ್ಬಂದಿಯಾಗಿರುವ ಕಂಪನಿಗೆ ನಾಲ್ಕು ತಿಂಗಳ ಒಂದು ಪ್ರವಾಸವೇ ಸಾಕು. ಜರ್ಮನಿ, ನೆದರ್ಲೆಂಡ್ಸ್‌ಗೆ ಹೋಗುವವರು ಅಲ್ಲಿನ ಸಾಮಾಜಿಕ ಭದ್ರತಾ ವಂತಿಗೆಯಿಂದ ವಿನಾಯಿತಿ ಪಡೆಯಲು ಭವಿಷ್ಯ ನಿಧಿ ಸಂಸ್ಥೆಯಿಂದ ಪ್ರಮಾಣಪತ್ರ ತರಬೇಕು. ಪಿಎಫ್ ಸದಸ್ಯರೇ ಅಲ್ಲದ ಒಂಟಿ ನಿರ್ದೇಶಕರಿಗೆ ಅದು ಸಿಗುವುದಿಲ್ಲ. ವೀಸಾದ ಪ್ರಶ್ನೆ ಇವೆಲ್ಲಕ್ಕಿಂತ ಮೊದಲಿನದು. ಭೇಟಿಯ ವೀಸಾದಲ್ಲಿ ಹೋಗಿ ಗುತ್ತಿಗೆಯ ಕೆಲಸ ಮಾಡುವಂತಿಲ್ಲ.

ಇನ್ನು ಕೆಲವರು ಜಾಲತಾಣದಲ್ಲಿ ನೋಡಿ ಅಮೆರಿಕದ ರಾಜ್ಯವಾದ ಡೆಲವೇರ್‌ನಲ್ಲೇ ಕಂಪನಿ ತೆರೆಯುತ್ತಾರೆ. ಕೆಲಸ ನಡೆಯುವುದು ಜಯನಗರದ ಮನೆಯಲ್ಲಾದ್ದರಿಂದ ಇಲ್ಲಿನ ತೆರಿಗೆ ತಪ್ಪುವುದಿಲ್ಲ. ಮೇಲಾಗಿ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ಫೆಮಾ) ಅಡಿಯಲ್ಲಿ 2022ರ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಬ್ಯಾಂಕಿಗೆ ವರದಿ ಮಾಡಬೇಕು, ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯೆಂದು ಘೋಷಿಸಬೇಕು. ಘೋಷಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿಯ ದಂಡ ವಿಧಿಸಲು ಅವಕಾಶವಿದೆ.

ಈ ಹಿನ್ನೆಲೆಯಲ್ಲಿ ಸರ್ಕಾರದ ಮುಂದಿಡಬಹುದಾದ ಕೋರಿಕೆ ದೊಡ್ಡದೇನಲ್ಲ. ಎಲ್‌ಯುಟಿಯನ್ನು ವರ್ಷ ವರ್ಷವೂ ಸಲ್ಲಿಸುವ ಬದಲು, ರದ್ದುಗೊಳಿಸುವವರೆಗೆ ಊರ್ಜಿತದಲ್ಲಿರುವಂತೆ ಮಾಡಲು ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕ ಒತ್ತಾಯಿಸಲಿ. ರಫ್ತುದಾರರ ನೋಂದಣಿ, ಹಣ ಸಂದಾಯದ ವಿವರಗಳೆಲ್ಲ ಹೇಗೂ ಇಲಾಖೆಗಳ ಬಳಿಯೇ ಇರುತ್ತವೆ. ಹಾಗೆಯೇ ಒಂಟಿಯಾಗಿ ಸೇವಾ ರಫ್ತು ಮಾಡುವವರಿಗಾಗಿ ವಾಣಿಜ್ಯ ತೆರಿಗೆ ಇಲಾಖೆ ಕನ್ನಡದಲ್ಲಿ ಒಂದು ಕೈಪಿಡಿ ಹೊರತರಲಿ. ವೃತ್ತಿ ತೆರಿಗೆ ಮತ್ತು ಜಿಎಸ್‌ಟಿ ಎರಡೂ ಅದೇ ಇಲಾಖೆಯ ವ್ಯಾಪ್ತಿಯಲ್ಲಿರುವುದರಿಂದ ಇದು ಅದಕ್ಕೆ ಸುಲಭವಾಗಿ ಸಾಧ್ಯವಾಗುವ ಕೆಲಸ.

— ಒಬ್ಬ ತೆರಿಗೆ ಸಲಹೆಗಾರ, ಮೈಸೂರು