ಸ್ಪಾರ್ಕ್ಲಿಂಗ್ ವೈನಿನ ವಯಸ್ಸನ್ನು ಎಲ್ಲಿಂದ ಎಣಿಸಬೇಕು?

ಮಾನ್ಯ ಸಂಪಾದಕರೇ,

‘ವೈನ್ ಹಳತಾದಷ್ಟೂ ರುಚಿ’ ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಕಾಣಿಸುತ್ತದೆ. ಇದನ್ನು ನಂಬಿ ಷಾಂಪೇನ್ ಬಾಟಲಿಯನ್ನು ಗಾಜಿನ ಕಪಾಟಿನಲ್ಲಿ ವರ್ಷಗಟ್ಟಲೆ ಅಲಂಕಾರಕ್ಕಿಟ್ಟವರಿಗೆ ಕೊನೆಗೆ ಸಿಗುವುದು ಗುಳ್ಳೆ ಸತ್ತ, ಕಂದು ತಿರುಗಿದ ವೈನ್. ನೊರೆಯುಕ್ಕುವ ವೈನಿನ ವಯಸ್ಸನ್ನು ಎರಡು ಲೆಕ್ಕದಲ್ಲಿ ನೋಡಬೇಕು. ಗಸಿಯ, ಅಂದರೆ ಬಾಟಲಿಯ ತಳದಲ್ಲಿ ಕೂರುವ ಸತ್ತ ಯೀಸ್ಟಿನ, ಜೊತೆ ಕಳೆದ ಕಾಲ ಒಂದು, ಗಸಿ ತೆಗೆದ ನಂತರದ ಕಾಲ ಇನ್ನೊಂದು. ಈ ವ್ಯತ್ಯಾಸವನ್ನು ಓದುಗರಿಗೆ ತಿಳಿಸಬೇಕೆಂದು ಈ ಪತ್ರ.

ಫ್ರಾನ್ಸಿನ ಷಾಂಪೇನ್, ಸ್ಪೇನಿನ ಕಾವಾಗಳು ಬಾಟಲಿಯಲ್ಲೇ ಎರಡನೇ ಸಲ ಹುದುಗುತ್ತವೆ. ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆಯನ್ನೂ ಯೀಸ್ಟನ್ನೂ ಸೇರಿಸಿ ಮುಚ್ಚಳ ಬಿಗಿದರೆ, ಒಳಗೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ವಾತಾವರಣದ ಆರು ಪಟ್ಟು ಒತ್ತಡ ತರುತ್ತದೆ. ಸಕ್ಕರೆ ಮುಗಿದ ಮೇಲೆ ಸತ್ತ ಯೀಸ್ಟ್ ತಳದಲ್ಲಿ ಗಸಿಯಾಗಿ ಕೂರುತ್ತದೆ. ಆ ಕೋಶಗಳು ನಿಧಾನವಾಗಿ ಒಡೆದು ಅಮೈನೋ ಆಮ್ಲ, ಮ್ಯಾನೊಪ್ರೋಟೀನ್ (ಯೀಸ್ಟ್ ಕೋಶದ ಗೋಡೆಯ ಪ್ರೋಟೀನ್)ಗಳನ್ನು ವೈನಿಗೆ ಬಿಟ್ಟುಕೊಡುತ್ತವೆ. ಆಗತಾನೇ ಬೆಂದ ಬ್ರೆಡ್ಡಿನ ಪರಿಮಳ, ನಾಲಗೆಗೆ ಹಿತವಾದ ನುಣುಪು ಬರುವುದು ಇಲ್ಲಿಂದ. ಗಸಿ ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ಅದರ ಮೇಲಿರುವ ವೈನ್ ಬಹಳ ವರ್ಷ ತಾಜಾ ಉಳಿಯುತ್ತದೆ. ಸಾಧಾರಣ ಷಾಂಪೇನ್ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿರಬೇಕು, ಅದರಲ್ಲಿ 12 ತಿಂಗಳು ಗಸಿಯ ಜೊತೆಗೇ ಎಂಬುದು ಕಾನೂನು. ಒಂದೇ ವರ್ಷದ ದ್ರಾಕ್ಷಿಯಿಂದಾದ ವಿಂಟೇಜ್ ಷಾಂಪೇನಿಗೆ ಮೂರು ವರ್ಷ. ಕಾವಾಗೆ ಗಸಿಯ ಜೊತೆ 9 ತಿಂಗಳು, ಗ್ರಾನ್ ರಿಸರ್ವಾ ಎಂಬ ಮೇಲ್ದರ್ಜೆಯ ಕಾವಾಗೆ 30 ತಿಂಗಳು.

ಗಸಿ ತೆಗೆಯುವ ದಿನ ಎಲ್ಲವೂ ಬದಲಾಗುತ್ತದೆ. ಬಾಟಲಿಯ ಕತ್ತನ್ನು ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದಾಗ ಒಳಗಿನ ಒತ್ತಡವೇ ಗಸಿಯ ಗಡ್ಡೆಯನ್ನು ಹೊರಕ್ಕೆ ಚಿಮ್ಮಿಸುತ್ತದೆ. ನಂತರ ಸ್ವಲ್ಪ ಸಿಹಿ ವೈನ್ ತುಂಬಿ ಕಾರ್ಕ್ ಹಾಕುತ್ತಾರೆ. ಈ ಗಳಿಗೆಯಲ್ಲಿ ಗಾಳಿ ಒಳಹೋಗುತ್ತದೆ, ರಕ್ಷಣೆಗಿದ್ದ ಗಸಿಯೂ ಇಲ್ಲ. ಮುಂದೆ ಕಾರ್ಕಿನ ಮೂಲಕ ಆಮ್ಲಜನಕ ಹನಿಹನಿಯಾಗಿ ಸೇರುತ್ತದೆ, ಗುಳ್ಳೆಯ ಅನಿಲ ಸೋರುತ್ತದೆ. ಸಕ್ಕರೆಗೂ ಅಮೈನೋ ಆಮ್ಲಕ್ಕೂ ನಡುವೆ ನಡೆಯುವ ಮೇಯಾರ್ಡ್ ಕ್ರಿಯೆಯಿಂದ ಹುರಿದ ಬಾದಾಮಿ, ಜೇನು, ಕಾಫಿಯಂಥ ವಾಸನೆಗಳು ಹುಟ್ಟುತ್ತವೆ, ಬಣ್ಣ ಹೊನ್ನಿಗೆ ತಿರುಗುತ್ತದೆ. ಇದು ಒಂದು ಹಂತದವರೆಗೆ ನಿಜಕ್ಕೂ ಸೊಗಸು. ಅದು ದಾಟಿದರೆ ಕೊಯ್ದಿಟ್ಟ ಸೇಬಿನ ಕಂದು ವಾಸನೆಯಷ್ಟೇ ಉಳಿಯುತ್ತದೆ. ಸಾಧಾರಣ ಷಾಂಪೇನನ್ನು ಕೊಂಡ ಮೂರು–ನಾಲ್ಕು ವರ್ಷಗಳಲ್ಲಿ, ಒಳ್ಳೆಯ ವಿಂಟೇಜನ್ನು ಐದರಿಂದ ಹತ್ತು ವರ್ಷಗಳಲ್ಲಿ ಕುಡಿಯುವುದು ಲೇಸು. ದೊಡ್ಡ ತೊಟ್ಟಿಯಲ್ಲಿ ಹುದುಗಿಸಿ ಬಾಟಲಿಗೆ ತುಂಬುವ ಇಟಲಿಯ ಪ್ರೊಸೆಕ್ಕೊದ ಜೀವವಿರುವುದು ತಾಜಾ ಹಣ್ಣಿನ ಪರಿಮಳದಲ್ಲಿ. ಅದನ್ನು ಎರಡು ವರ್ಷ ಮೀರಿ ಇಡಬಾರದು. ಒಂದೂವರೆ ಲೀಟರಿನ ಮ್ಯಾಗ್ನಮ್ ಬಾಟಲಿ ನಿಧಾನವಾಗಿ ಮಾಗುತ್ತದೆ. ಕತ್ತಿನ ಅಗಲ ಹೆಚ್ಚುಕಡಿಮೆ ಅಷ್ಟೇ, ವೈನ್ ಮಾತ್ರ ಇಮ್ಮಡಿ, ಹಾಗಾಗಿ ಲೀಟರಿನ ಪಾಲಿಗೆ ಬರುವ ಆಮ್ಲಜನಕ ಕಡಿಮೆ. ಅರ್ಧ ಬಾಟಲಿಯದು ಇದಕ್ಕೆ ತದ್ವಿರುದ್ಧ, ಅದನ್ನು ಕೂಡಿಡಲೇಬೇಡಿ.

ಶೇಖರಣೆಯಲ್ಲಿ ಜನ ಉಷ್ಣತೆಯನ್ನು ಗಮನಿಸಿದಷ್ಟು ಬೆಳಕನ್ನು ಗಮನಿಸುವುದಿಲ್ಲ. ನೇರಳಾತೀತ ಮತ್ತು ನೀಲಿ ಬೆಳಕು ತಾಗಿದರೆ ವೈನಿನಲ್ಲಿರುವ ರೈಬೋಫ್ಲೇವಿನ್ ಎಂಬ ವಿಟಮಿನ್, ಮಿಥಿಯೋನೀನ್ ಎಂಬ ಅಮೈನೋ ಆಮ್ಲವನ್ನು ಒಡೆದು ಗಂಧಕದ ಸಂಯುಕ್ತಗಳನ್ನು ಹುಟ್ಟಿಸುತ್ತದೆ. ಬೆಂದ ಕೋಸು, ಒದ್ದೆ ಉಣ್ಣೆಯಂಥ ವಾಸನೆ ಅದರದ್ದೇ. ಬಿಳಿ (ಬಣ್ಣವಿಲ್ಲದ) ಗಾಜಿನ ಬಾಟಲಿಗೆ ಬಿಸಿಲಿನಲ್ಲಿ ಒಂದೆರಡು ಗಂಟೆಯೂ ಅಪಾಯ. ಹಸಿರು ಗಾಜು ತಕ್ಕಮಟ್ಟಿಗೆ ಕಾಯುತ್ತದೆ, ಗಾಢ ಕಂದು ಇನ್ನೂ ಚೆನ್ನಾಗಿ. ಬಿಳಿ ಗಾಜಿನಲ್ಲಿ ಬರುವ ರೋಡರರ್ ಕ್ರಿಸ್ಟಲ್ ಷಾಂಪೇನಿಗೆ ಸುತ್ತಿರುವ ಹಳದಿ ಹಾಳೆ ಬೆಳಕನ್ನು ತಡೆಯಲೆಂದೇ ಇರುವುದು, ಅದನ್ನು ಬಿಚ್ಚಬೇಡಿ. ಹಾಳೆಯಿಲ್ಲದ ಬಾಟಲಿಯನ್ನು ರಟ್ಟಿನ ಪೆಟ್ಟಿಗೆಯಲ್ಲೋ ದಪ್ಪ ಬಟ್ಟೆಯಲ್ಲೋ ಸುತ್ತಿಡಿ.

ಉಷ್ಣತೆ 10ರಿಂದ 12 ಡಿಗ್ರಿ ಸೆಲ್ಸಿಯಸ್ ಇದ್ದರೆ ಉತ್ತಮ. ಅದು ಹಗಲು ಏರಿ ರಾತ್ರಿ ಇಳಿಯದಂತೆ ನೋಡಿಕೊಳ್ಳುವುದು ಇನ್ನೂ ಮುಖ್ಯ. ಬಾಟಲಿಯನ್ನು ಮಲಗಿಸಬೇಕೇ ನಿಲ್ಲಿಸಬೇಕೇ ಎಂದು ತುಂಬ ತಲೆಕೆಡಿಸಿಕೊಳ್ಳಬೇಕಿಲ್ಲ. ಒಳಗಿನ ಅನಿಲದಲ್ಲಿ ತೇವವಿರುವುದರಿಂದ ನಿಂತ ಬಾಟಲಿಯ ಕಾರ್ಕ್ ಬೇಗ ಒಣಗದು. ಫ್ರಿಜ್ಜಿನಲ್ಲಿ ಕೆಲವು ವಾರ ಇಡಬಹುದು, ವರ್ಷಗಟ್ಟಲೆ ಬೇಡ. ಫ್ರೀಜರಿನಲ್ಲಿ ಮರೆತರೆ ವೈನ್ ಹೆಪ್ಪುಗಟ್ಟಿ ಹಿಗ್ಗುತ್ತದೆ, ಬಾಟಲಿ ಸಿಡಿಯಬಹುದು.

ಕತ್ತಲು ಮತ್ತು ತಂಪು ಎಷ್ಟು ಕಾಯಬಲ್ಲವು ಎಂಬುದಕ್ಕೆ 2010ರಲ್ಲಿ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಬಳಿ ಸಿಕ್ಕ ಷಾಂಪೇನ್ ಸಾಕ್ಷಿ. ಸುಮಾರು 50 ಮೀಟರ್ ಆಳದಲ್ಲಿ ಸುಮಾರು 170 ವರ್ಷ ಬಿದ್ದಿದ್ದರೂ ಕೆಲವು ಬಾಟಲಿಗಳ ವೈನಿನಲ್ಲಿ ರುಚಿ ಉಳಿದಿತ್ತು. ಅನಿಲ ಮಾತ್ರ ಬಹುಪಾಲು ಹೋಗಿತ್ತು.

ಹಳೆಯ ಬಾಟಲಿ ತೆರೆದಾಗ ಕಾರ್ಕನ್ನು ಒಮ್ಮೆ ನೋಡಿ. ಬುಡ ಲಂಗದಂತೆ ಅರಳಿದರೆ ಅದರ ಪುಟಿತ ಇನ್ನೂ ಇದೆ. ಬುಡ ಗೂಟದಂತೆ ನೆಟ್ಟಗೆ ಉಳಿದರೆ ಬಹುಕಾಲ ಅದುಮಿಟ್ಟಿದ್ದು, ಅನಿಲ ಸೋರಿರುವ ಸಾಧ್ಯತೆ ಹೆಚ್ಚು. ಗುಳ್ಳೆ ಕಡಿಮೆಯಾದ ಮಾಗಿದ ವೈನನ್ನು ಕಿರಿದಾದ ಲೋಟಕ್ಕಿಂತ ಹೊಟ್ಟೆಯಗಲದ ವೈನ್ ಲೋಟದಲ್ಲಿ, 10–12 ಡಿಗ್ರಿಯಲ್ಲಿ ಕೊಟ್ಟರೆ ಪರಿಮಳ ಪೂರ್ತಿ ಸಿಗುತ್ತದೆ. ಲೋಟವನ್ನು ಓರೆ ಹಿಡಿದು ಸುರಿದರೆ ಅನಿಲ ಕಡಿಮೆ ಪೋಲಾಗುತ್ತದೆ. ಮಿಕ್ಕ ವೈನಿಗೆ ಬಿಗಿಹಿಡಿಯುವ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ದಿನ ಬರುತ್ತದೆ. ಕತ್ತಿಗೆ ಚಮಚ ಸಿಕ್ಕಿಸುವುದರಿಂದ ಏನೂ ಆಗದು.

ಗಸಿ ತೆಗೆದ ತಿಂಗಳನ್ನು ಹಲವು ತಯಾರಕರು ಹಿಂಬದಿಯ ಲೇಬಲ್ಲಿನಲ್ಲಿ ನಮೂದಿಸುತ್ತಾರೆ. ತಮ್ಮ ಪತ್ರಿಕೆ ಇಂಥ ವೈನುಗಳನ್ನು ಪರಿಚಯಿಸುವಾಗ ದ್ರಾಕ್ಷಿ ಕೊಯ್ದ ವರ್ಷದ ಪಕ್ಕದಲ್ಲಿ ಆ ದಿನಾಂಕವನ್ನೂ ಅಚ್ಚು ಹಾಕಬೇಕೆಂದು ಕೋರುತ್ತೇವೆ.

– ವೈನ್ ದಾಸ್ತಾನಿನ ಕೆಲಸದಲ್ಲಿರುವ ಓದುಗರು