ಮಕ್ಕಳ ಕೈಗೆ ಗರಗಸ ಕೊಡಿ

ಮಾನ್ಯ ಸಂಪಾದಕರೇ,

ನಾನು ಮೂವತ್ತು ವರ್ಷದಿಂದ ಮರಗೆಲಸ ಮಾಡುತ್ತಿರುವವನು. ಮೊನ್ನೆ ಹತ್ತಿರದ ಶಾಲೆಯೊಂದರ ಎಂಟನೇ ಕ್ಲಾಸಿನ ಮಕ್ಕಳು ಸಾಲಾಗಿ ನನ್ನ ಶೆಡ್ಡಿಗೆ ಬಂದರು. ಬ್ಯಾಗಿಲ್ಲದ ದಿನವಂತೆ. ಮೇಷ್ಟ್ರು ಫೋಟೊ ತೆಗೆದರು, ಮಕ್ಕಳು ಅದೇನು ಇದೇನು ಅಂತ ಕೇಳಿದರು, ಇಪ್ಪತ್ತು ನಿಮಿಷಕ್ಕೆ ಹೊರಟೇಬಿಟ್ಟರು. ಒಂದು ಉಳಿಯನ್ನೂ ಯಾರೂ ಮುಟ್ಟಲಿಲ್ಲ. ಮುಟ್ಟಬೇಡಿ ಅಂತ ಮೇಷ್ಟ್ರೇ ಹೇಳಿದ್ದರು. ಪಾಪ, ಯಾರಿಗಾದರೂ ಗಾಯವಾದರೆ ಬೈಸಿಕೊಳ್ಳುವವರು ಅವರೇ ಅಲ್ವಾ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಬರೆದಿರುವುದೇ ಬೇರೆ. ಆರರಿಂದ ಎಂಟನೇ ಕ್ಲಾಸಿನ ನಡುವೆ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಊರಿನ ಬಡಗಿ, ಕುಂಬಾರ, ತೋಟದ ಕೆಲಸದವರ ಹತ್ತಿರ ಕೆಲಸ ಕಲಿಯಬೇಕು ಅಂತಿದೆ. ನೋಡಿಕೊಂಡು ಬನ್ನಿ ಅಂತಿಲ್ಲ.

ಆ ಗುಂಪಿನಲ್ಲಿದ್ದ ಒಬ್ಬ ಹುಡುಗ ಭಾನುವಾರ ತನ್ನ ಅಕ್ಕನನ್ನು ಕರೆದುಕೊಂಡು ಮತ್ತೆ ಬಂದ. ಒಂದು ಸಿಲ್ವರ್ ಓಕ್ ಹಲಗೆ ಕೊಟ್ಟೆ. ನಮ್ಮ ಕಡೆ ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು ಬೆಳೆಸುವ ಮರ ಅದು, ಬೀಟೆ, ಸಾಗುವಾನಿಯಷ್ಟು ದುಬಾರಿ ಅಲ್ಲ. ಎಲ್ಲರೂ ಮೊದಲು ಮಾಡುವ ತಪ್ಪನ್ನೇ ಅವನೂ ಮಾಡಿದ. ಗರಗಸವನ್ನು ಬಲವಾಗಿ ಒತ್ತಿದ, ಅದು ಸಿಕ್ಕಿಹಾಕಿಕೊಂಡಿತು. ಹಗುರವಾಗಿ ಹಿಡಿದು, ಮೊದಲು ಎರಡು ಮೂರು ಸಲ ಹಿಂದಕ್ಕಷ್ಟೇ ಎಳೆದು ಸಣ್ಣ ಕಚ್ಚು ಮಾಡಿಕೋ ಅಂದೆ. ಆಮೇಲೆ ಸರಿಯಾಗಿ ಗೆರೆಯ ಮೇಲೇ ಕೊಯ್ದ, ತುಂಡು ಗಿಡ್ಡ ಆಯಿತು. ಗರಗಸವೂ ತನ್ನ ದಪ್ಪದಷ್ಟು ಮರ ತಿನ್ನುತ್ತದೆ, ಅದಕ್ಕೇ ಗೆರೆ ಉಳಿಸಿ ಬಿಸಾಡುವ ತುಂಡಿನ ಕಡೆ ಕೊಯ್ಯಬೇಕು ಅನ್ನುವುದು ಅವನ ತಲೆಗೆ ಹೋಗಿದ್ದು ಎರಡು ಹಲಗೆ ಹಾಳಾದ ಮೇಲೆ. ಹಾಳಾಗಲಿ ಬಿಡಿ, ನಾನು ಹಾಳು ಮಾಡಿದ್ದಕ್ಕೆ ಲೆಕ್ಕವೇ ಇಲ್ಲ.

ಚೌಕಟ್ಟು ಕೂಡಿಸಿದಾಗ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದು ಅಳೆಸಿದೆ. ಎರಡೂ ಅಳತೆ ಒಂದೇ ಬಂದರೆ ಚೌಕಟ್ಟು ಸೊಟ್ಟ ಇಲ್ಲ ಅಂತ ಅರ್ಥ. ಅವನಕ್ಕ ತಕ್ಷಣ, 'ಅಂಕಲ್, ಆಯತದ ಕರ್ಣಗಳು ಸಮ ಅಂತ ಬಾಯಿಪಾಠ ಮಾಡಿದ್ವಲ್ಲ, ಇದಕ್ಕಾ?' ಅಂದಳು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕರ್ಣ ಅನ್ನುವ ಮಾತು ಮರೆತೇ ಹೋಗಿತ್ತು, ಕೆಲಸ ಮರೆತಿರಲಿಲ್ಲ.

ಇದೇನು ಹೊಸ ವಿಚಾರವಲ್ಲ. ಫಿನ್ಲೆಂಡಿನಲ್ಲಿ 1866ರಲ್ಲೇ ಹಳ್ಳಿ ಶಾಲೆಗಳಿಗೆ ಕೈಕೆಲಸ ತಂದರು, ಇವತ್ತು ಅಲ್ಲಿ ಹುಡುಗ ಹುಡುಗಿ ಇಬ್ಬರೂ ಕಲಿಯಬೇಕು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಇದನ್ನೇ ಹೇಳಿದರು. ನಾನು ಓದಿದ ಶಾಲೆಯಲ್ಲೂ ಕ್ರಾಫ್ಟ್ ಕೋಣೆ ಅಂತ ಒಂದಿತ್ತು, ಆಮೇಲೆ ಅಲ್ಲಿದ್ದ ಉಳಿ, ಸುತ್ತಿಗೆ ಎಲ್ಲ ಗುಜರಿಗೆ ಹೋದವು.

ಇದು ಕುಲಕಸುಬನ್ನೇ ಮತ್ತೆ ತಲೆಗೆ ಕಟ್ಟುವ ದಾರಿ ಅಂತ ಕೆಲವರು ಹೇಳುತ್ತಾರೆ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿ, ಮಕ್ಕಳು ಅರ್ಧ ದಿನ ಶಾಲೆಗೆ ಬಂದು ಉಳಿದ ಹೊತ್ತು ಅಪ್ಪನ ಕಸುಬು ಕಲಿಯಲಿ ಅಂದರು. ಜನ ತಿರುಗಿಬಿದ್ದರು, ಮರುವರ್ಷ ಅದು ಹೋಯಿತು. ಹೋಗಿದ್ದು ಒಳ್ಳೆಯದೇ ಆಯಿತು. ನನ್ನಪ್ಪ ಬಡಗಿ ಅನ್ನುವ ಒಂದೇ ಕಾರಣಕ್ಕೆ ಮುಂದೆ ಓದಬೇಕು ಅಂತಿದ್ದ ನನ್ನ ಕೈಗೆ ಉಳಿ ಕೊಟ್ಟರು, ಆ ಸಂಕಟ ನನಗೆ ಗೊತ್ತು. ಅದಕ್ಕೇ ಹೇಳುತ್ತಿದ್ದೇನೆ, ಕಲಿಸುವುದಾದರೆ ಡಾಕ್ಟರ ಮಗಳಿಗೂ ಕಲಿಸಿ, ಎಸ್ಟೇಟ್ ಮಾಲೀಕರ ಮಗನಿಗೂ ಕಲಿಸಿ, ಫೀಸು ಜಾಸ್ತಿ ತಗೊಳ್ಳುವ ಶಾಲೆಗಳಲ್ಲೂ ಕಲಿಸಿ. ಬರೀ ಸರ್ಕಾರಿ ಶಾಲೆ ಮಕ್ಕಳಿಗೆ ಮಾತ್ರ ಅಂದರೆ ನಾನೇ ವಿರೋಧಿಸುತ್ತೇನೆ.

ಗಾಯದ ಮಾತಿಗೆ ಬಂದರೆ, ಮೊಂಡು ಉಳಿಯೇ ಜಾಸ್ತಿ ಅಪಾಯ, ಹರಿತ ಇಲ್ಲದಿದ್ದರೆ ಜೋರು ಹಾಕುತ್ತೀರಿ, ಅದು ಜಾರುತ್ತದೆ. ಮರವನ್ನು ಬಿಗಿಯಾಗಿ ಕಚ್ಚಿಸಿ ಎರಡೂ ಕೈ ಉಳಿಯ ಬಾಯಿಯ ಹಿಂದೆ ಇಟ್ಟುಕೊಂಡರೆ ಅರ್ಧ ಭಯ ಹೋಯಿತು. ಕರೆಂಟಿನ ಮಷಿನ್ ಶಾಲೆಗೆ ಬೇಡವೇ ಬೇಡ. ಮರಕ್ಕೆ ಹಳೇ ಪ್ಯಾಕಿಂಗ್ ಹಲಗೆ ಸಾಕು. ಹೊರದೇಶದಿಂದ ಬಂದ ಪ್ಯಾಲೆಟ್ ಆದರೆ ಮೇಲಿನ ಮುದ್ರೆ ನೋಡಿ ತಗೊಳ್ಳಿ. ಎಚ್‌ಟಿ ಅಂದರೆ ಬಿಸಿ ಮಾಡಿ ಹುಳ ಕೊಂದ ಮರ, ಎಂಬಿ ಅಂದರೆ ವಿಷದ ಅನಿಲ ಹಾಯಿಸಿದ್ದು. ಎರಡನೆಯದನ್ನು ಮಕ್ಕಳ ಹತ್ತಿರ ತರಬೇಡಿ.

ವಾರಕ್ಕೆ ಒಂದು ದಿನ, ಎರಡು ಪೀರಿಯಡ್ ಒಟ್ಟಿಗೆ ಕೊಡಿ. ನಲವತ್ತು ನಿಮಿಷ ಸಾಮಾನು ತೆಗೆದಿಡುವುದಕ್ಕೇ ಹೋಗುತ್ತದೆ. ಒಂದು ಸಲಕ್ಕೆ ಹತ್ತು ಮಕ್ಕಳು ಸಾಕು. ಕಲಿಸಲು ಊರಿನ ಬಡಗಿಯನ್ನೇ ಕರೆಯಿರಿ, ಬಿ.ಎಡ್. ಸರ್ಟಿಫಿಕೇಟ್ ಕೇಳಬೇಡಿ, ಅವನ ಅರ್ಧ ದಿನದ ಕೂಲಿ ಕೊಡಿ. ಕರೆದರೆ ನಾನಂತೂ ಬರುತ್ತೇನೆ.

ಒಬ್ಬ ಬಡಗಿ, ಸಕಲೇಶಪುರ ತಾಲ್ಲೂಕು