ಬಾಳೆಹಣ್ಣು ಎಂದರೆ ಯಾವ ಬಾಳೆಹಣ್ಣು?

ಮಾನ್ಯ ಸಂಪಾದಕರೇ,

ಪೇಟೆಯಲ್ಲಿ ಬಾಳೆಹಣ್ಣು ಸಿಗುತ್ತಿಲ್ಲ ಎಂಬ ದೂರಿಗೆ ಅಧಿಕಾರಿಗಳು ಪೂರೈಕೆ ಸಹಜವಾಗಿಯೇ ಇದೆ ಎಂದು ಉತ್ತರಿಸಿದ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದ ಮರುದಿನವೇ, ಅಂದರೆ ನಿನ್ನೆ ಶ್ರಾವಣದ ಹುಣ್ಣಿಮೆಯಂದು, ಎರಡು ಚಿಪ್ಪು ಏಲಕ್ಕಿ ಬಾಳೆಗಾಗಿ ನಾನು ಪಟ್ಟ ಪಾಡನ್ನು ಆ ಸಹಜತೆಗೆ ಸಾಕ್ಷಿಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಸಂಜೆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬೆಳಿಗ್ಗೆ 6.30ಕ್ಕೇ ಚೀಲ ಹಿಡಿದು ಮುಂಬಯಿ ಬಳಿಯ ನಮ್ಮ ಡೊಂಬಿವಲಿ ನಿಲ್ದಾಣದ ಬಳಿಯ ಪೇಟೆಗೆ ಹೋದರೆ, ನಾಲ್ಕು ಗಾಡಿಗಳಲ್ಲಿಯೂ ಇದ್ದುದು ಒಂದೇ ಜಾತಿಯ ಉದ್ದನೆಯ ಪಚ್ಚಬಾಳೆ; ಶೀತಲ ಕೋಣೆಯಿಂದ ಆಗಷ್ಟೇ ಹೊರಬಂದು, ಮೈಯೆಲ್ಲ ಹಳದಿಯಾಗಿ ತೊಟ್ಟು ಮಾತ್ರ ಹಸಿರಾಗಿ, ಒತ್ತಿದರೆ ಕಲ್ಲಿನಂತಿತ್ತು. ‘ಇಲಾಯ್ಚಿ’ ಇದೆಯೇ ಎಂದು ಕೇಳಿದ್ದಕ್ಕೆ ಒಬ್ಬ ವ್ಯಾಪಾರಿ ವಾಶಿಯ ಸಗಟು ಮಾರುಕಟ್ಟೆಗೇ ಲಾರಿ ಬಂದಿಲ್ಲ ಎಂದ. ಮತ್ತೊಬ್ಬ ದೇವರಿಗೆ ಯಾವುದಾದರೂ ಆಗುತ್ತದೆ ಎಂದು ಧರ್ಮಶಾಸ್ತ್ರ ಹೇಳಿದ. ಮೊಣಕಾಲು ನೋವಿನ ಈ ಪ್ರಾಯದಲ್ಲಿ ಸ್ಲೋ ಲೋಕಲ್ ಹಿಡಿದು ಮಾಟುಂಗಾಕ್ಕೆ ಹೋದೆ. ಅಲ್ಲಿ ಮೊದಲ ಎರಡು ಅಂಗಡಿಗಳಲ್ಲಿ ನೇಂದ್ರದ ಗೊನೆಗಳು ತೂಗಾಡುತ್ತಿದ್ದವೇ ಹೊರತು ಏಲಕ್ಕಿ ಇರಲಿಲ್ಲ. ಮೂರನೆಯ ಅಂಗಡಿಯಲ್ಲಿ ಸಿಪ್ಪೆ ಬಿರಿದ ಏಲಕ್ಕಿ ಕಿಲೋಗೆ 160 ರೂಪಾಯಿಯಂತೆ ದೊರೆಯಿತು. ಏಲಕ್ಕಿ ಬಾಳೆ ಪೂರ್ತಿ ಮಾಗಿದರೆ ಚಿಪ್ಪಿನಿಂದ ತಾನಾಗಿ ಕಳಚುತ್ತದೆ. ಹಿಂತಿರುಗುವ ರೈಲಿನ ನೂಕುನುಗ್ಗಲಿನಲ್ಲಿ ಎರಡೂ ಚಿಪ್ಪು ಬರಿದಾಗಿ ಹಣ್ಣೆಲ್ಲ ಚೀಲದ ತಳ ಸೇರಿತು. ಹಣ್ಣು ಕಿವುಚಿ ಮಾಡುವ ಸಪಾದ ಪ್ರಸಾದಕ್ಕೇನೋ ಅದು ಸಾಕಾಯಿತು. ನೈವೇದ್ಯಕ್ಕಿಟ್ಟ ಬಿಡಿಹಣ್ಣುಗಳನ್ನು ಕಂಡು ಭಟ್ಟರು ಏನೂ ಹೇಳಲಿಲ್ಲ. ಅವರು ನೋಡಿದ ನೋಟವೇ ಸಾಕಾಗಿತ್ತು.

ಜಳಗಾಂವ್ ಜಿಲ್ಲೆಯ ರಾವೇರ್, ಯಾವಲ್ ಕಡೆಯಿಂದ ಲಾರಿಗಟ್ಟಲೆ ಪಚ್ಚಬಾಳೆ ಬರುತ್ತಿದ್ದರೆ ಅಧಿಕಾರಿಗಳ ಲೆಕ್ಕದಲ್ಲಿ ಬಾಳೆಹಣ್ಣು ಬಂದಂತೆಯೇ ಸರಿ. ಆ ಹಣ್ಣನ್ನು ನಾನು ಹಳಿಯುತ್ತಿಲ್ಲ. ಮೊಮ್ಮಕ್ಕಳ ಶಾಲೆಯ ಡಬ್ಬಿಗೆ ಅದೇ ಹೋಗುತ್ತದೆ, ಕಪ್ಪಾದರೆ ಬನ್ಸ್ ಹಿಟ್ಟಿಗೂ ಸಲ್ಲುತ್ತದೆ. ಆದರೆ ಏಲಕ್ಕಿ ಕೇಳಿದವನಿಗೆ ಅದನ್ನು ತೋರಿಸುವುದು, ಕುಚ್ಚಲಕ್ಕಿ ಕೇಳಿದವನಿಗೆ ಬಾಸ್ಮತಿ ಬೇಕಾದಷ್ಟಿದೆ ಎಂದಂತಾಯಿತು. ನಂಜನಗೂಡಿನ ರಸಬಾಳೆ, ಕಮಲಾಪುರದ ಕೆಂಪುಬಾಳೆ, ಗೋವೆಯ ಮೊಯ್ರಾ ಬಾಳೆ ಇವನ್ನೆಲ್ಲ ಈ ನಗರದಲ್ಲಿ ಕೇಳುವಷ್ಟು ದುರಾಸೆ ನಮಗಿಲ್ಲ. ನಾನು 1978ರಲ್ಲಿ ಇಲ್ಲಿಗೆ ಬಂದಾಗ ಹತ್ತಿರದ ವಸಾಯಿಯ ತೋಟಗಳಿಂದಲೇ ವೆಲ್ಚಿ, ಅಂದರೆ ಏಲಕ್ಕಿ ಬಾಳೆ, ಬರುತ್ತಿತ್ತು, ರಾಜೇಳಿ ಬಾಳೆಯನ್ನು ಒಣಗಿಸಿದ ಸುಕೇಳಿಯೂ ಬರುತ್ತಿತ್ತು. ತೋಟಗಳಿದ್ದಲ್ಲಿ ಇಂದು ಕಟ್ಟಡಗಳೆದ್ದಿವೆ. ಈಗ ಏಲಕ್ಕಿ ದೂರದ ದಕ್ಷಿಣದಿಂದ ಬರಬೇಕು; ಬಾಳೆಯ ಗಿಡವೋ ಒಂದೇ ಗೊನೆ ಕೊಡುವಂಥದ್ದು, ಅದಕ್ಕೂ ಸುಮಾರು ಒಂದು ವರ್ಷ ಬೇಕು. ಶ್ರಾವಣ ಯಾವಾಗ ಬರುತ್ತದೆ ಎಂಬುದು ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವಾಗ, ಅಧಿಕಾರಿಗಳಿಗೆ ಮಾತ್ರ ಅದು ಪ್ರತಿವರ್ಷ ಹೇಳದೆ ಕೇಳದೆ ಬಂದುಬಿಡುತ್ತದೆ.

ಇವರ ಚುರುಕುತನ ನನಗೆ ಹೊಸದಲ್ಲ. ಎರಡು ವರ್ಷಗಳ ಹಿಂದೆ ಕಾರ್ಬೈಡ್ ಪೊಟ್ಟಣವಿಟ್ಟು ಹಣ್ಣು ಮಾಗಿಸುತ್ತಿದ್ದ ಗೋದಾಮೊಂದರ ಬಗ್ಗೆ ಅರ್ಜಿ ಕೊಟ್ಟಿದ್ದೆ. ಎಥಿಲೀನ್ ಅನಿಲಕ್ಕೆ ಅನುಮತಿಯಿದೆ, ಕಾರ್ಬೈಡಿಗೆ ನಿಷೇಧವಿದೆ ಎಂಬ ನಿಯಮವನ್ನು ನಾನೇ ಅವರಿಗೆ ವಿವರಿಸಬೇಕಾಯಿತು; ಮೂರು ಮೇಜು ಸುತ್ತಿದ ಮೇಲೆ ಇದು ತಮ್ಮ ವಿಭಾಗವಲ್ಲ ಎಂಬ ಉತ್ತರ ಬಂತು. ತಕ್ಕಡಿಯ ಮೋಸದ ಅರ್ಜಿಗೆ ಆ ಉತ್ತರವೂ ಬರಲಿಲ್ಲ. ಡಜನ್ ಲೆಕ್ಕದಲ್ಲಿ ಕೊಳ್ಳುವ ಪಚ್ಚಬಾಳೆಯನ್ನು ನಾವೇ ಎಣಿಸಿಕೊಳ್ಳಬಹುದು, ಕಿಲೋ ಲೆಕ್ಕದ ಏಲಕ್ಕಿಯನ್ನು ಯಾರು ತೂಗಿ ನೋಡಬೇಕು? ಚೌತಿಗೆ ಎರಡು ದಿನವಿರುವಾಗ ಛಾಯಾಗ್ರಾಹಕರೊಡನೆ ಬಂದು ಗಾಡಿಗಳನ್ನು ಎತ್ತಿಸುವುದರಲ್ಲಿ ಮಾತ್ರ ಇವರು ಎಂದೂ ತಡಮಾಡಿದವರಲ್ಲ.

ಆದ್ದರಿಂದ ಸಂಬಂಧಪಟ್ಟವರು ಚೌತಿಯೊಳಗಾದರೂ ಏಲಕ್ಕಿ ಬಾಳೆ ಸರಿಯಾದ ದರಕ್ಕೆ ಸಿಗುವಂತೆ ಏನಾದರೊಂದು ವ್ಯವಸ್ಥೆ ಮಾಡಬೇಕು. ಅದಾಗದಿದ್ದರೆ ಪೂರೈಕೆ ಸಹಜವಾಗಿದೆ ಎಂಬ ಹೇಳಿಕೆ ಕೊಡುವುದನ್ನಾದರೂ ನಿಲ್ಲಿಸಬೇಕು. ಆ ಹೇಳಿಕೆ ಕೊಟ್ಟ ಮಹನೀಯರು ಮುಂದಿನ ಹುಣ್ಣಿಮೆಯಂದು ತಾವೇ ಚೀಲ ಹಿಡಿದು ನನ್ನೊಡನೆ 6.30ಕ್ಕೆ ಪೇಟೆಗೆ ಬರಲಿ. ಜೀಪು ಬೇಡ, ಲೋಕಲಿನಲ್ಲಿಯೇ ಬರಲಿ.

ಇಂತಿ ತಮ್ಮ ಓದುಗ,
ಓರ್ವ ನಿವೃತ್ತ ಬ್ಯಾಂಕ್ ನೌಕರ, ಡೊಂಬಿವಲಿ ಪೂರ್ವ